ಅಂಗಳದಲ್ಲಿ ವಾಹನಕ್ಕೆ ಬಣ್ಣ: ರೋಲರ್ ಹಿಡಿಯುವ ಮೊದಲು

ಆಯುಧಪೂಜೆ ಹತ್ತಿರವಾದಂತೆ ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಹಳ್ಳಿಗಳಲ್ಲಿ ವಾಹನಗಳ ಮೈಬಣ್ಣದ ಚಿಂತೆ ಮೊದಲಾಗುತ್ತದೆ. ಟೊಮ್ಯಾಟೊ ಹೊತ್ತು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ತಿರುಗಿ ಸವೆದ ಗೂಡ್ಸ್ ಆಟೊ, ಅಂಚುಗಳಲ್ಲಿ ತುಕ್ಕು ಹಿಡಿದ ಟ್ರ್ಯಾಕ್ಟರ್ ಟ್ರೇಲರ್, ಪಟ್ಟಣದವರ ಕೈಯಿಂದ ಕೈಗೆ ದಾಟಿ ಕೊನೆಗೆ ಹಳ್ಳಿ ಸೇರಿದ ಸಣ್ಣ ಕಾರು, ಇವುಗಳಿಗೆ ಟಿಂಕರಿಂಗ್ ಶೆಡ್ಡಿನಲ್ಲಿ ಪೂರ್ತಿ ಬಣ್ಣ ಹೊಡೆಸುವುದೆಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಆದ್ದರಿಂದ ಮನೆಯ ಕಿಟಕಿ ಬಾಗಿಲಿಗೆ ಬಳಿಯುವ ಎನಾಮೆಲ್ ಡಬ್ಬಿ, ನಾಲ್ಕಂಗುಲದ ಸ್ಪಂಜಿನ ರೋಲರ್, ಒಂದು ಬಾಟಲಿ ಟರ್ಪೆಂಟೈನ್ ತಂದು ಅಂಗಳದಲ್ಲೇ ಕೆಲಸ ಮುಗಿಸುವ ಮನೆಗಳು ಅಲ್ಲಲ್ಲಿ ಕಾಣಸಿಗುತ್ತವೆ.

ಇದನ್ನು ಕಂಡು ನಗುವವರೇ ಹೆಚ್ಚು. ಕಾರಿಗೆ ಗೋಡೆಯ ಬಣ್ಣವೇ, ರೋಲರ್ ಏನು ಎತ್ತಿನಗಾಡಿಗೆ ಬಳಿಯುವುದೇ ಎಂದು ಗೇಲಿ ಮಾಡುತ್ತಾರೆ. ಗೇಲಿ ಮಾಡುವವರಿಗೆ ಚರಿತ್ರೆ ತಿಳಿಯದು. ಮೋಟಾರು ಕಾರು ಹುಟ್ಟಿದ ಕಾಲದಲ್ಲಿ ಅದರ ಮೈಗೆ ಬಣ್ಣ ಬಳಿಯುತ್ತಿದ್ದುದು ಬ್ರಷ್ಷಿನಿಂದಲೇ. ಸಾರೋಟು, ಜಟಕಾಗಳಿಗೆ ಬಳಿದಂತೆ ಪದರದ ಮೇಲೆ ಪದರ ಬಳಿದು, ವಾರಗಟ್ಟಲೆ ಒಣಗಿಸಿ, ಉಜ್ಜಿ ಹೊಳಪು ತರುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದಲ್ಲಿ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ನಂತರವೇ ಸ್ಪ್ರೇ ಗನ್ ಕಾರ್ಖಾನೆಗಳನ್ನು ಆಳತೊಡಗಿತು. ಸ್ಪ್ರೇ ಬಂದದ್ದು ಕಾರಿನ ಅಂದಕ್ಕಾಗಿ ಅಲ್ಲ, ಕಾರ್ಖಾನೆಯ ಅವಸರಕ್ಕಾಗಿ. ಹಳ್ಳಿಯ ಅಂಗಳಕ್ಕೆ ಆ ಅವಸರವಿಲ್ಲ.

ಪರಿಸರದ ಲೆಕ್ಕದಲ್ಲಿಯೂ ರೋಲರಿನ ಪಕ್ಷ ಗಟ್ಟಿಯಾಗಿದೆ. ಸಾಮಾನ್ಯ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಹನದ ಮೇಲೆ ಕೂರುವುದೇ ಇಲ್ಲ. ಮಂಜಾಗಿ ತೇಲಿ ಗೋಡೆ, ಮರ, ನೆಲ ಮತ್ತು ಬಣ್ಣ ಹೊಡೆಯುವವನ ಶ್ವಾಸಕೋಶ ಸೇರುತ್ತದೆ. ಕಾರ್ಖಾನೆಯಲ್ಲಿ ಈ ಮಂಜನ್ನು ಹೀರಿ ಸೋಸುವ ಮುಚ್ಚಿದ ಕೋಣೆಗಳಿರುತ್ತವೆ. ಹೆದ್ದಾರಿಯ ಬದಿಯ ತಗಡಿನ ಶೆಡ್ಡಿನಲ್ಲಿ ಇರುವುದು ಒಂದು ಕಂಪ್ರೆಸರ್ ಮತ್ತು ಮೂಗಿಗೆ ಕಟ್ಟಿದ ಕರವಸ್ತ್ರ. ಅಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಡಬ್ಬಿಯ ಪಿ.ಯು. ಬಣ್ಣಕ್ಕೆ ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲದ ಕುಟುಂಬಕ್ಕೇ ಇದು ಸೇರಿದ್ದು. ಅಷ್ಟು ಸುಲಭವಾಗಿ ಆವಿಯಾಗುವ ಜಾತಿಯದಲ್ಲ ನಿಜ, ಆದರೆ ಗನ್ನಿನಿಂದ ಮಂಜಾಗಿ ಹೊರಟಾಗ ಉಸಿರಿನೊಡನೆ ಒಳಹೊಕ್ಕು ವಾಸಿಯಾಗದ ಅಸ್ತಮಾ ತರಬಲ್ಲದು. ಬಟ್ಟೆಯ ಮುಖವಾಡ ಇದನ್ನು ತಡೆಯುವುದಿಲ್ಲ. ಶೆಡ್ಡುಗಳಲ್ಲಿ ಈ ಕೆಲಸಕ್ಕೆ ನಿಲ್ಲುವವರು ಬಹುತೇಕ ಇಪ್ಪತ್ತರ ಆಸುಪಾಸಿನ ಹುಡುಗರು. ಅಗ್ಗದ ಹೊಳಪಿನ ಬೆಲೆಯನ್ನು ತೆರುವವರು ಅವರು.

ರೋಲರಿನಲ್ಲಿ ಮಂಜಿಲ್ಲ. ಡಬ್ಬಿಯಲ್ಲಿದ್ದ ಬಣ್ಣ ಹೆಚ್ಚುಕಡಿಮೆ ಪೂರ್ತಿಯಾಗಿ ತಗಡಿನ ಮೇಲೇ ಉಳಿಯುತ್ತದೆ. ಸಣ್ಣ ಕಾರೊಂದಕ್ಕೆ ಎರಡು ಲೀಟರಿನ ಆಸುಪಾಸು ಸಾಕಾಗುತ್ತದೆ. ತಗಡನ್ನು ತುಕ್ಕಿನಿಂದ ಉಳಿಸಿ ಒಂದು ವಾಹನವನ್ನು ಇನ್ನೈದು ವರ್ಷ ದುಡಿಸಿದರೆ, ಹೊಸದೊಂದರ ಉಕ್ಕು, ಕಲ್ಲಿದ್ದಲು, ನೀರು ಅಷ್ಟುಕಾಲ ಉಳಿದಂತೆ. ಎಂಜಿನ್ ಹೊಗೆ ಕಾರುವ ಸ್ಥಿತಿಯಲ್ಲಿದ್ದರೆ ಮಾತು ಬೇರೆ. ಹೊಗೆಬಂಡಿಗೆ ಬಣ್ಣ ಬಳಿಯುವುದರಿಂದ ಯಾರಿಗೂ ಉಪಕಾರವಿಲ್ಲ.

ಕೆಲಸ ಕೆಟ್ಟರೆ ಎರಡು ಸಲ ಬಳಿಯಬೇಕಾಗುತ್ತದೆ, ಎರಡು ಪಟ್ಟು ಬಣ್ಣ ಹಾಳಾಗುತ್ತದೆ. ಆದ್ದರಿಂದ ವಿಧಾನದ ಬಗ್ಗೆ ಎರಡು ಮಾತು ಅಗತ್ಯ. ಎನಾಮೆಲ್ ಬಣ್ಣವನ್ನು ಮಿನರಲ್ ಟರ್ಪೆಂಟೈನ್ ಸೇರಿಸಿ ಹಾಲಿನಷ್ಟು ತೆಳುವಾಗಿಸಬೇಕು. ಸೀಮೆಎಣ್ಣೆ ಬೆರೆಸಿದರೆ ಹೊಳಪೂ ಹೋಗುತ್ತದೆ, ಒಣಗುವುದೂ ತಡವಾಗುತ್ತದೆ. ಮೊದಲ ಒಂದೆರಡು ಪದರಗಳಲ್ಲಿ ಹಳೆಯ ಬಣ್ಣ ಇಣುಕಿ, ವಾಹನ ತೊನ್ನು ಹಿಡಿದಂತೆ ಕಾಣುತ್ತದೆ. ಅಲ್ಲಿ ಧೈರ್ಯಗೆಟ್ಟು ದಪ್ಪಗೆ ಮೆತ್ತಿದವರ ಕೆಲಸವೇ ಕಿತ್ತಳೆಯ ಸಿಪ್ಪೆಯಂತೆ ಗುಳಿಬೀಳುವುದು. ದಿನಕ್ಕೊಂದು ತೆಳುಪದರ, ಎರಡೆರಡು ಪದರಗಳ ನಡುವೆ ನಯವಾದ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜುವುದು, ಹೀಗೆ ಆರೇಳು ಪದರ. ನೇರ ಬಿಸಿಲೂ ಬೇಡ, ಗಾಳಿ ಬೀಸುವ ಹೊತ್ತೂ ಬೇಡ. ಮಳೆಗಾಲದ ತೇವದ ನಡುವೆ ಬರುವ ಆಯುಧಪೂಜೆಗಿಂತ ಸಂಕ್ರಾಂತಿ ಕಳೆದ ನಂತರದ ದಿನಗಳು ಕೋಲಾರದ ಹವೆಯಲ್ಲಿ ಈ ಕೆಲಸಕ್ಕೆ ಹೇಳಿಸಿದಂತಿರುತ್ತವೆ. ಹಬ್ಬಕ್ಕೆ ಮಿರುಗಲೇಬೇಕೆಂಬ ಹಟವಿದ್ದವರು ಹಿಂದಿನ ಬೇಸಿಗೆಯಲ್ಲೇ ಯೋಚಿಸಬೇಕು.

ಇಷ್ಟರವರೆಗೆ ರೋಲರ್ ನಿರ್ದೋಷಿ. ದೋಷವಿರುವುದು ರೋಲರ್ ಹಿಡಿಯುವುದಕ್ಕೆ ಮುಂಚಿನ ಎರಡು ದಿನಗಳಲ್ಲಿ. ಹೊಸ ಬಣ್ಣ ಕಚ್ಚಬೇಕಾದರೆ ಹಳೆಯದನ್ನು ಕೆರೆದು ಉಜ್ಜಬೇಕು. ಆ ಹಳೆಯ ಪದರದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕಣ್ಣು ಸೆಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ತರಲು ದಶಕಗಳಿಂದ ಬಳಸುತ್ತ ಬಂದಿರುವುದು ಸೀಸದ ಕ್ರೋಮೇಟ್ ಎಂಬ ವರ್ಣದ್ರವ್ಯವನ್ನು. ಬಿಸಿಲು ಮಳೆಗೆ ಮಾಸದೆ ನಿಲ್ಲುವುದು ಅದರ ಗುಣ. ಒಡಲಲ್ಲಿ ಸೀಸ ಮತ್ತು ಕ್ರೋಮಿಯಂ ಎರಡೂ ಇರುವುದು ಅದರ ಶಾಪ. ಟ್ರ್ಯಾಕ್ಟರ್, ಟ್ರೇಲರ್, ಗೂಡ್ಸ್ ಗಾಡಿ, ಶಾಲಾವಾಹನಗಳೆಲ್ಲ ಇಂಥ ಬಣ್ಣಗಳನ್ನೇ ಹೆಚ್ಚಾಗಿ ಉಡುತ್ತವೆ. ಅಡಿಪದರದ ವಿಚಾರದಲ್ಲೂ ಒಂದು ಗೊಂದಲವಿದೆ. ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣದ ಆಕ್ಸೈಡಿನದು, ಕೆಮ್ಮಣ್ಣಿನ ಬಂಧು. ಹಿಂದೆ ಸೇತುವೆ, ಗೇಟು, ಗಾಡಿಗಳ ಕಬ್ಬಿಣಕ್ಕೆ ಬಳಿಯುತ್ತಿದ್ದ ರೆಡ್ ಲೆಡ್ ಶುದ್ಧ ಸೀಸದ ಆಕ್ಸೈಡ್. ಹಳೆಯ ತಗಡಿನ ಮೇಲೆ ಎರಡೂ ಕೆಂಪಗೇ ಕಾಣುತ್ತವೆ.

ಸೀಸದ ಕೇಡಿನ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದ ಪ್ರತಿ ಡೆಸಿಲೀಟರಿನಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಆಗ ಮುಖ್ಯ ಆರೋಪಿ ಪೆಟ್ರೋಲು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. 2021ರಲ್ಲಿ ಅಲ್ಜೀರಿಯಾ ಕೈಬಿಟ್ಟ ಮೇಲೆ ವಾಹನಗಳಿಗೆ ಸೀಸದ ಪೆಟ್ರೋಲು ಮಾರುವ ದೇಶ ಭೂಮಿಯ ಮೇಲೆ ಒಂದೂ ಉಳಿಯಲಿಲ್ಲ. ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು. ಭಾರತದ ಪಾಲು ಇದರಲ್ಲಿ 27 ಕೋಟಿಗೂ ಮಿಕ್ಕಿದ್ದು. ಇಷ್ಟಿದ್ದರೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅಪ್ಪ ಟ್ರೇಲರ್ ಉಜ್ಜುವಾಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹಳದಿ ಪುಡಿಯಲ್ಲಿ ಬೆರಳಾಡಿಸಿ ಅದೇ ಬೆರಳನ್ನು ಬಾಯಿಗಿಡುವ ಮಗುವಿನ ದೇಹ, ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಹೊಟ್ಟೆನೋವು, ರಕ್ತಹೀನತೆ, ಪಾಠ ತಲೆಗೆ ಹತ್ತದಿರುವುದು ಮುಂತಾದ ಲಕ್ಷಣಗಳು ಕಂಡಾಗ ಯಾವ ತಂದೆತಾಯಿಯೂ ಟ್ರೇಲರಿನ ಕಡೆ ಬೆರಳು ತೋರುವುದಿಲ್ಲ.

ಇಲ್ಲಿ ಕಾನೂನಿನ ಪಾತ್ರವನ್ನು ನೋಡಬೇಕು. ಬಣ್ಣಗಳಲ್ಲಿ ಸೀಸವನ್ನು ನಿಯಂತ್ರಿಸುವ ನಿಯಮವನ್ನು ಕೇಂದ್ರ ಸರ್ಕಾರ 2016ರ ನವೆಂಬರಿನಲ್ಲಿ ಹೊರಡಿಸಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದು ಎಂಬುದು ಅದರ ಸಾರ. ದೀರ್ಘಕಾಲದ ಒತ್ತಾಯಕ್ಕೆ ಸಂದ ಜಯ ಅದು. ಆದರೆ ನಿಯಮದ ಹೆಸರಿನಲ್ಲೇ ಅದರ ಎಲ್ಲೆಯೂ ಇದೆ. ಅದು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ ಅನ್ವಯಿಸುವಂತೆ ರಚಿತವಾಯಿತು. ವಾಹನ, ಯಂತ್ರ, ರಸ್ತೆಗೆ ಬಳಿಯುವ ಕೈಗಾರಿಕಾ ಬಣ್ಣಗಳನ್ನು ಹೊರಗೆ ಬಿಟ್ಟಿತು. ಫಿಲಿಪ್ಪೀನ್ಸ್ 2013ರಲ್ಲಿ ತಂದ ಆದೇಶದಲ್ಲಿ ಮನೆಬಣ್ಣಕ್ಕೆ 2016ರ ಕೊನೆ, ಕೈಗಾರಿಕಾ ಬಣ್ಣಕ್ಕೆ 2019ರ ಕೊನೆ ಎಂದು ಗಡುವಿಟ್ಟು ಎರಡಕ್ಕೂ ಅದೇ 90ರ ಮಿತಿ ಹಾಕಿತು. ಭಾರತಕ್ಕಿಂತ ಚಿಕ್ಕದಾದ, ಬಡತನದಲ್ಲಿ ಭಾರತದ ನೆಂಟನಾದ ದೇಶಕ್ಕೆ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನುವುದು ನಂಬುವ ಮಾತಲ್ಲ.

ಇದರಿಂದ ಹುಟ್ಟುವ ವಿಚಿತ್ರ ಪರಿಸ್ಥಿತಿಯನ್ನು ಗಮನಿಸಬೇಕು. ಕಾರಿಗೆ ಗೋಡೆಯ ಬಣ್ಣವೇ ಎಂದು ಗೇಲಿಗೊಳಗಾದ ರೈತನ ಕೈಯಲ್ಲಿರುವ ಮನೆಯ ಎನಾಮೆಲ್ ಡಬ್ಬಿ ಕಾನೂನಿನ ಮಿತಿಗೆ ಒಳಪಟ್ಟದ್ದು. ಗೇಲಿ ಮಾಡಿದವನ ವಾಹನದ ಮೇಲೆ ಹೊಳೆಯುತ್ತಿರುವ ಬಣ್ಣಕ್ಕೆ ಆ ಮಿತಿಯ ಕಟ್ಟು ಇಲ್ಲ. ಈ ಒಂದು ವಿಷಯದಲ್ಲಾದರೂ ಬಡವನ ಡಬ್ಬಿಯೇ ಮೇಲು.

ಅಂಗಳಕ್ಕೆ ಬಿದ್ದ ಪುಡಿ ಮುಂದೆ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ, ಅದೇ ಕಷ್ಟ. ಕೀಟನಾಶಕ ಕಾಲಕ್ರಮದಲ್ಲಿ ಒಡೆದು ಬೇರೆಯಾಗಬಹುದು. ಸೀಸ ಮೂಲಧಾತು, ಒಡೆಯುವ ಪ್ರಶ್ನೆಯೇ ಇಲ್ಲ. ಮಣ್ಣಿನ ಮೇಲಿನ ನಾಲ್ಕಾರು ಅಂಗುಲಗಳಲ್ಲಿ ಜೇಡಿಯ ಕಣ ಮತ್ತು ಸಾವಯವ ಅಂಶಗಳಿಗೆ ಅಂಟಿ ತಲೆಮಾರುಗಳ ಕಾಲ ಕೂರುತ್ತದೆ. ಬೇರುಗಳು ಅದನ್ನು ಹೀರುವುದು ಕಡಿಮೆ. ಟೊಮ್ಯಾಟೊ, ಬದನೆಯಂಥ ಕಾಯಿಗಳಿಗೆ ಅದು ಏರುವುದು ತೀರ ಕಡಿಮೆ. ಆದರೆ ಹಿತ್ತಿಲಿನ ದಂಟು, ಕೊತ್ತಂಬರಿ, ಮೆಂತ್ಯದ ಎಲೆಗಳ ಮೇಲೆ ಮಳೆಹನಿ ಸಿಡಿಸುವ ಮಣ್ಣು ಅಂಟುತ್ತದೆ, ಗೆಡ್ಡೆಗಳ ಸಿಪ್ಪೆಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ವಾಹನ ಉಜ್ಜಿದ ಜಾಗದಲ್ಲಿ ಸೊಪ್ಪಿನ ಮಡಿ ಹಾಕಬಾರದು. ಈಗಾಗಲೇ ಹಾಕಿದ್ದರೆ ಧಾರಾಳವಾಗಿ ಕಾಂಪೋಸ್ಟ್ ಸೇರಿಸುವುದು, ಹುಳಿಮಣ್ಣಾದರೆ ಸುಣ್ಣ ಹಾಕುವುದು ಸೀಸವನ್ನು ಗಿಡಕ್ಕೆ ಸುಲಭವಾಗಿ ದಕ್ಕದಂತೆ ಕಟ್ಟಿಹಾಕುತ್ತವೆ. ರೈತರ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಯನ್ನು ನೋಡಿ ಸಮಾಧಾನಪಡುವಂತಿಲ್ಲ. 2015ರಲ್ಲಿ ಆರಂಭವಾದ ಆ ಯೋಜನೆಯ 12 ಅಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಸತು, ಬೋರಾನ್ ಇತ್ಯಾದಿಗಳಿವೆ, ಸೀಸವಿಲ್ಲ. ಬೆಳೆಗೆ ಏನು ಬೇಕೆಂಬುದನ್ನು ಅಳೆಯುವ ಚೀಟಿ ಅದು. ಊಟಕ್ಕೆ ಏನು ಬೇಡವೆಂಬುದನ್ನು ಅಳೆಯುವುದಿಲ್ಲ.

ದನಕರುಗಳ ವಿಚಾರ ಇನ್ನೂ ಗಂಭೀರ. ಹಾಲಿನಿಂದ ಸಂಸಾರ ಸಾಗಿಸುವ ಜಿಲ್ಲೆಯಿದು. ಸಾಕುಪ್ರಾಣಿಗಳಲ್ಲಿ ಸೀಸದ ವಿಷಕ್ಕೆ ಹೆಚ್ಚಾಗಿ ಬಲಿಯಾಗುವುದು ದನಗಳು, ಅದರಲ್ಲೂ ಕರುಗಳು, ಎಂಬುದು ಪಶುವೈದ್ಯರಿಗೆಲ್ಲ ತಿಳಿದ ಸಂಗತಿ. ದನಕ್ಕೆ ಏನನ್ನಾದರೂ ನೆಕ್ಕುವ ಚಪಲ. ಸೀಸದ ಕೆಲವು ಲವಣಗಳಿಗೆ ಸಿಹಿರುಚಿ ಬೇರೆ. ಸಿಪ್ಪೆಯೆದ್ದ ಬಣ್ಣ, ಒಡೆದ ಬ್ಯಾಟರಿ, ಬಣ್ಣದ ಡಬ್ಬಿಯ ತಳ, ಯಾವುದನ್ನೂ ಬಿಡುವುದಿಲ್ಲ. ಹಲ್ಲು ಕಡಿಯುವುದು, ಕಣ್ಣು ಕಾಣದಂತೆ ತಡವರಿಸುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು, ಮೈ ನಡುಗುವುದು ಅದರ ಗುರುತುಗಳು. ಬಣ್ಣ ಬಳಿದ ಮನೆಯಲ್ಲಿ ಇವು ಕಂಡರೆ ಪಶುವೈದ್ಯರಿಗೆ ಬಣ್ಣದ ವಿಷಯವನ್ನೂ ಹೇಳಬೇಕು. ಹೇಳದಿದ್ದರೆ ಬೇರೆ ರೋಗವೆಂದು ಭಾವಿಸುವ ಸಾಧ್ಯತೆ ಹೆಚ್ಚು. ಸಂಕ್ರಾಂತಿಯ ಹೊತ್ತಿಗೆ, ಟ್ರೇಲರಿಗೆ ಬಳಿದುಳಿದ ಬಣ್ಣವನ್ನೇ ಎತ್ತು ಹಸುಗಳ ಕೊಂಬಿಗೆ ಬಳಿಯುವ ರೂಢಿ ಬೇರೂರುತ್ತಿದೆ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ, ಎಂದಿನದೆಂದು ಗೊತ್ತಿಲ್ಲದ ಡಬ್ಬಿಯನ್ನು ಈ ಕೆಲಸಕ್ಕೆ ಮುಟ್ಟಬಾರದು. ಕೆಮ್ಮಣ್ಣು, ಅರಿಸಿನ ಹಚ್ಚಿದ ಕೊಂಬು ವಾರಕ್ಕೆ ಮಾಸಿಹೋದರೂ ಹಬ್ಬ ಹಬ್ಬವೇ.

ರೇಷ್ಮೆ ಸಾಕುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹುಳುಮನೆಯ ಬಳಿ ಥಿನ್ನರಿನ ವಾಸನೆ ಸುಳಿಯಬಾರದೆಂದು ಅವರಿಗೆ ಗೊತ್ತು. ಹಿಪ್ಪುನೇರಳೆ ತೋಟದ ಗಾಳಿಯ ದಿಕ್ಕಿನಲ್ಲಿ ನಿಂತು ಬಣ್ಣ ಕೆರೆಯುವುದೂ ಅಷ್ಟೇ ತಪ್ಪು.

ಇನ್ನು ಕೆರೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯನ್ನು ಶತಮಾನಗಳ ಕಾಲ ಸಲಹಿದ್ದು ಬೆಟ್ಟದ ತಪ್ಪಲಿನಿಂದ ತಗ್ಗಿನವರೆಗೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸರಪಳಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು, ಭಾರಲೋಹಗಳ ಭಯವಿದೆ ಎಂಬ ಕೂಗು ಎದ್ದಿದೆ. ನ್ಯಾಯವಾದ ಕೂಗು ಅದು. ಆದರೆ ಬೆಂಗಳೂರಿನ ಲೋಹಕ್ಕೆ ಹೆದರುವ ಊರು ತನ್ನ ಕೆರೆಯ ಏರಿಯ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ವಾಟರ್ ಪೇಪರಿನಲ್ಲಿ ಉಜ್ಜಿ, ಬಣ್ಣದ ಕೆಸರನ್ನು ಅದೇ ನೀರಿನಲ್ಲಿ ತೊಳೆದರೆ ಆ ಕೂಗಿನ ಬಲ ಅರ್ಧ ಕುಗ್ಗುತ್ತದೆ. ಗಣೇಶನ ಹಬ್ಬಕ್ಕೆ ಮುಂಚೆ ವಿಷದ ಬಣ್ಣ ಬಳಿದ ಮೂರ್ತಿಗಳನ್ನು ಕೆರೆಗೆ ಬಿಡಬೇಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿವರ್ಷ ಪ್ರಕಟಣೆ ಹೊರಡಿಸುತ್ತದೆ. ಸುಮಾರು ಐದು ವಾರ ಕಳೆದು ಬರುವ ಆಯುಧಪೂಜೆಗೆ ಕೆರೆಯಂಗಳದಲ್ಲಿ ಸಾಲುಗಟ್ಟುವ ವಾಹನಗಳೂ ಆ ಪ್ರಕಟಣೆಯಲ್ಲಿ ಬರಬೇಕು.

ಹಾಗಾದರೆ ಬಣ್ಣವನ್ನೇ ಬಳಿಯಬಾರದೆ? ಬಳಿಯಬಹುದು, ಉಜ್ಜುವ ಕ್ರಮ ಬದಲಾಗಬೇಕು. ಒಣಗಿದ ತಗಡಿನ ಮೇಲೆ ವಿದ್ಯುತ್ ಗ್ರೈಂಡರ್ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಂಕಿ ಹಿಡಿದು ಹಳೆಯ ಬಣ್ಣ ಸುಡುವುದು ಅದಕ್ಕೆ ಸಮನಾದದ್ದು, ಸೀಸ ಹೊಗೆಯಾಗಿ ಏಳುತ್ತದೆ. ವಾಹನದ ಕೆಳಗೆ ಟಾರ್ಪಾಲು ಹಾಸಿ, ಬಕೆಟ್ಟಿನ ನೀರಿಗೆ ಹನಿ ಸೋಪು ಹಾಕಿ, ಒದ್ದೆಯಾಗಿಯೇ ಉಜ್ಜಬೇಕು. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು, ಉಜ್ಜಿದವರು ಊಟಕ್ಕೆ ಮುನ್ನ ಕೈಮುಖ ತೊಳೆದು ಬಟ್ಟೆ ಬದಲಿಸಬೇಕು. ಬಕೆಟ್ಟಿನ ನೀರಿಗೆ ಚಿಟಿಕೆ ಸ್ಫಟಿಕ ತೇಯ್ದು ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಕೆಸರು ತಳಸೇರುತ್ತದೆ. ಮೇಲಿನ ತಿಳಿನೀರನ್ನು ಮುಂದಿನ ಉಜ್ಜಾಟಕ್ಕೆ ಬಳಸಿ, ಉಳಿದ ಕೆಸರನ್ನು ಕೋಳಿ, ದನ, ಮಕ್ಕಳು ಹೋಗದ ಕಡೆ ಹಳೆಯ ತಟ್ಟೆಯಲ್ಲಿ ಒಣಗಿಸಿ, ಖಾಲಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಆಯಿತು. ರೋಲರ್ ತೊಳೆದ ಟರ್ಪೆಂಟೈನನ್ನೂ ಹಾಗೆಯೇ ತಿಳಿಯಾಗಿಸಿ ಮತ್ತೆ ಬಳಸಬಹುದು, ಚರಂಡಿಗೆ ಸುರಿಯುವ ಅಗತ್ಯವಿಲ್ಲ.

ಆ ಡಬ್ಬಿಯನ್ನು ಯಾರಿಗೆ ಕೊಡುವುದು? ಹೂಳಬಾರದು, ಸುಡಬಾರದು, ಗುಜರಿಯವರಿಗೂ ಮಾರಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಣ್ಣದ ಡಬ್ಬಿಗಳನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿದವು. ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಕಸ ಬೇರ್ಪಡಿಸುವ ಕೆಲಸದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ದುಡಿಯುತ್ತಿದ್ದಾರೆ. ಯಾವುದೇ ಏರ್ಪಾಡಿಲ್ಲದೆ ಸೀಸದ ಡಬ್ಬಿಯನ್ನು ಅವರ ಮಡಿಲಿಗೆ ಹಾಕುವುದು ಅನ್ಯಾಯ. ಹೋಬಳಿಗೊಂದು ಬೀಗ ಹಾಕುವ ಪೆಟ್ಟಿಗೆ, ವರ್ಷಕ್ಕೆರಡು ಬಾರಿ ಅದನ್ನು ಅಧಿಕೃತ ವಿಲೇವಾರಿ ಘಟಕಕ್ಕೆ ಸಾಗಿಸುವ ಹೊಣೆ ಜಿಲ್ಲಾ ಪಂಚಾಯಿತಿಗೆ, ಇಷ್ಟನ್ನು ಗ್ರಾಮಸಭೆಗಳು ನಿರ್ಣಯ ಮಾಡಿ ಕೇಳಬೇಕು. ಕೆರೆಯ ಏರಿಯಿಂದ ದೂರದಲ್ಲಿ, ಕೆಸರು ನಿಲ್ಲುವ ತೊಟ್ಟಿಯಿರುವ ಒಂದು ಸಿಮೆಂಟು ಕಟ್ಟೆಯನ್ನು ಊರೊಟ್ಟಿಗೆ ಕಟ್ಟಿಕೊಂಡರೆ ವಾಹನ ತೊಳೆಯುವುದಕ್ಕೂ ಉಜ್ಜುವುದಕ್ಕೂ ಆಗುತ್ತದೆ.

ಬೆಟ್ಟದ ಹಳ್ಳಿಗಳಿಗೆ ವಾಹನವೇ ಬೇಡ, ಬಸ್ಸು ಸಾಕು ಎಂದು ವಾದಿಸುವ ಪರಿಸರಪ್ರಿಯರಿದ್ದಾರೆ. ಬಸ್ಸು ದಿನಕ್ಕೆ ಎಷ್ಟು ಸಲ ಹತ್ತಿ ಬರುತ್ತದೆಂದು ಅವರು ಮೊದಲು ವಿಚಾರಿಸಲಿ. ಬಣ್ಣವನ್ನೇ ಬದಲಿಸುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ: ಆರ್.ಸಿ.ಯಲ್ಲಿ ವಾಹನದ ಬಣ್ಣವೂ ನಮೂದಾಗಿರುತ್ತದೆ. ಬೇರೆ ಬಣ್ಣ ಬಳಿಯುವುದಾದರೆ ಆರ್.ಟಿ.ಒ. ಕಚೇರಿಯಲ್ಲಿ ಅನುಮತಿ ಪಡೆದು ತಿದ್ದಿಸಿಕೊಳ್ಳಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ, ಖರ್ಚಿಲ್ಲದ್ದು. ಸೀಸದ ಪ್ರಮಾಣ 90 ಪಿ.ಪಿ.ಎಂ. ಮೀರಿಲ್ಲವೆಂದು ಮನೆಬಣ್ಣದ ಡಬ್ಬಿಯ ಮೇಲೆ ಬರೆಯುವುದು 2016ರ ನಿಯಮದಂತೆ ತಯಾರಕರ ಕರ್ತವ್ಯ. ಹುತ್ತೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಅಂಗಡಿಗಳ ಕಪಾಟುಗಳ ಮುಂದೆ ನಿಂತು ಯಾವ ಡಬ್ಬಿಯ ಮೇಲೆ ಆ ಸಾಲಿದೆ, ಯಾವುದರ ಮೇಲೆ ಇಲ್ಲ, ವಾಹನದ ಬಣ್ಣದ ಡಬ್ಬಿಗಳ ಮೇಲೆ ಏನಿದೆ ಎಂಬ ಪಟ್ಟಿ ತಯಾರಿಸಲಿ. ಆ ಪಟ್ಟಿಯ ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ, ಇನ್ನೊಂದು ಊರಿನ ಹಾಲಿನ ಡೇರಿಯ ಗೋಡೆಯ ಮೇಲೆ ಅಂಟಲಿ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವರೆಲ್ಲ ಅದನ್ನು ಓದುತ್ತಾರೆ.